ಕೈಬದಲಾವಣೆಯಲ್ಲಿ ಕಳೆದುಹೋಗುವ ಚಿಕಿತ್ಸೆ: ಪುಣೆಯಿಂದ ಆಳಂದಕ್ಕೆ ಮರಳಿದ ಯುವತಿಯ ಪ್ರಕರಣ ಅಧ್ಯಯನ

ಕೆಲಸ ಕೊಡಿಸುವುದಾಗಿ ನಂಬಿಸಿ ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಹಳ್ಳಿಯಿಂದ ಪುಣೆಗೆ ಕರೆದೊಯ್ದು ಅಲ್ಲಿನ ವೇಶ್ಯಾವಾಟಿಕೆಯ ಅಡ್ಡೆಯೊಂದಕ್ಕೆ ಮಾರಿದ್ದ 22 ವರ್ಷದ ಯುವತಿ, ಸುಮಾರು ಎರಡು ವರ್ಷಗಳ ಬಳಿಕ ಪೊಲೀಸ್ ದಾಳಿಯಲ್ಲಿ ಹೊರಬಂದು, ಮಹಾರಾಷ್ಟ್ರದ ರಕ್ಷಣಾ ಗೃಹವೊಂದರ ಮೂಲಕ ತವರು ಜಿಲ್ಲೆಗೆ ಮರಳಿದಾಗ ಆಕೆಗೆ ಯಾವ ಚಿಕಿತ್ಸೆ, ಯಾವ ಆಸರೆ ಬೇಕಾಯಿತು ಎಂಬುದನ್ನು ಈ ಅಧ್ಯಯನ ಪರಿಶೀಲಿಸುತ್ತದೆ. ಇದು ಒಬ್ಬಳೇ ಹೆಣ್ಣುಮಗಳ ಕಡತವಲ್ಲ. ಆಪ್ತಸಮಾಲೋಚಕರ ತರಬೇತಿಗೆಂದು ಇಂಥ ಪ್ರಕರಣಗಳಲ್ಲಿ ಕಾಣುವ ಸಂಗತಿಗಳನ್ನು ಒಟ್ಟುಗೂಡಿಸಿ ಕಟ್ಟಿದ ಪ್ರಕರಣವಿದು. ಹೆಸರು, ಹಳ್ಳಿ, ಜಾತಿ ಯಾವುದನ್ನೂ ಕೊಟ್ಟಿಲ್ಲ. ಆದರೆ ಇಲ್ಲಿ ಬರುವ ಕಾನೂನು, ಔಷಧಕ್ರಮ ಮತ್ತು ಸೌಲಭ್ಯಗಳು ಇರುವಂಥವೇ.

ಈ ಪ್ರಕರಣವನ್ನು ಓದುವಾಗ ಎರಡು ದಿನದರ್ಶಿಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳಬೇಕು. ಅನೈತಿಕ ವ್ಯವಹಾರ (ತಡೆ) ಕಾಯ್ದೆ, 1956ರ 17ನೇ ಕಲಮಿನ ಪ್ರಕಾರ, ರಕ್ಷಿಸಿದ ಮಹಿಳೆಯನ್ನು ಸೂಕ್ತ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವವರೆಗಿನ ಸುರಕ್ಷಿತ ವಶಕ್ಕೆ ಹತ್ತು ದಿನಗಳ ಮಿತಿಯಿದೆ. ಆಮೇಲಿನ ವಿಚಾರಣೆಯ ಅವಧಿಯ ವಶಕ್ಕೆ ಮೂರು ವಾರಗಳ ಮಿತಿಯಿದೆ. ಔಷಧಕ್ಕೆ ಈ ಲೆಕ್ಕ ತಿಳಿಯದು. ಎಚ್‌ಐವಿ ತಡೆಗೋಲಿಗಳಿಗೆ 72 ಗಂಟೆ, ಕಿಬ್ಬೊಟ್ಟೆಯ ಸೋಂಕಿಗೆ 14 ದಿನ, ಲೈಂಗಿಕ ರೋಗವಾದ ಹಳೆಯ ಸಿಫಿಲಿಸ್‌ಗೆ ವಾರಕ್ಕೊಂದರಂತೆ ಮೂರು ಚುಚ್ಚುಮದ್ದು, ಎಚ್‌ಐವಿ ಮರುಪರೀಕ್ಷೆಗೆ ಮೂರು ತಿಂಗಳು, ಹೆಪಟೈಟಿಸ್ ಬಿ ಲಸಿಕೆ ಪೂರ್ಣವಾಗಲು ಆರು ತಿಂಗಳು. ಪೊಲೀಸರಿಂದ ರಕ್ಷಣಾ ಗೃಹಕ್ಕೆ, ಗೃಹದಿಂದ ಇನ್ನೊಂದು ರಾಜ್ಯದ ಇಲಾಖೆಗೆ, ಇಲಾಖೆಯಿಂದ ಮನೆಯವರಿಗೆ ಎಂದು ಆಕೆ ಕೈ ಬದಲಾದಾಗಲೆಲ್ಲ ಈ ಎರಡನೆಯ ದಿನದರ್ಶಿಯ ಒಂದೊಂದು ಹಾಳೆ ಹಿಂದೆಯೇ ಉಳಿಯಿತು.

ಹಿನ್ನೆಲೆ

ಕುಟುಂಬಕ್ಕೆ ಮಳೆ ನಂಬಿದ ಎರಡು ಎಕರೆ ಹೊಲ. ತೊಗರಿ ಕೈಕೊಟ್ಟ ವರ್ಷ ತಂದೆ ಮತ್ತು ಅಣ್ಣ ಸೊಲ್ಲಾಪುರದ ದಾರಿ ಹಿಡಿದು ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗುವುದು ರೂಢಿ. ಹುಡುಗಿಗೆ ಹದಿನಾರಕ್ಕೇ ಮದುವೆಯಾಗಿತ್ತು. ಮಗುವಾದ ವರ್ಷದೊಳಗೆ ಗಂಡ ಬಿಟ್ಟುಹೋದ. ಅದೇ ಓಣಿಯ, ದೂರದಿಂದ ಮಾವಶಿ (ಚಿಕ್ಕಮ್ಮ) ಆಗಬೇಕಾದ ಹೆಂಗಸು, ಪುಣೆಯ ಆಸ್ಪತ್ರೆಯಲ್ಲಿ ಆಯಾ ಕೆಲಸ ಇದೆಯೆಂದು ಕರೆದೊಯ್ದಳು. ಮನೆಯವರಿಗೆ ಸಂಶಯ ಬರಲು ಕಾರಣವೇ ಇರಲಿಲ್ಲ, ಏಕೆಂದರೆ ಆ ಊರಿನ ಅರ್ಧ ಮನೆಗಳಿಗೆ ಪುಣೆಯ ದುಡ್ಡು ಬರುತ್ತಿತ್ತು. ದುಡಿಮೆಗಾಗಿ ಗುಳೆ ಹೋಗುವ ದಾರಿಯೂ ಮಾರಾಟಕ್ಕೆ ಒಯ್ಯುವ ದಾರಿಯೂ ಒಂದೇ ಆಗಿರುವ ಕಡೆ, 'ಅಪರಿಚಿತರನ್ನು ನಂಬಬೇಡಿ' ಎಂಬ ಜಾಗೃತಿ ಫಲಕದಿಂದ ಹೆಚ್ಚಿನ ಉಪಯೋಗವಾಗದು ಎಂಬುದು ನನ್ನ ಅಭಿಪ್ರಾಯ, ಕರೆದೊಯ್ದವಳು ಅಪರಿಚಿತಳಾಗಿರಲಿಲ್ಲ.

ದಾಳಿಯ ಬಳಿಕ ಪುಣೆಯಲ್ಲಿ ಮೊದಲ ಹನ್ನೆರಡು ದಿನ

ಅಡ್ಡೆಯಲ್ಲಿ ಆಕೆಗೆ ದಿನವೂ ಮದ್ಯ ಕುಡಿಸುತ್ತಿದ್ದರು. ಮೊದಮೊದಲು ಬಲವಂತದಿಂದ, ಆಮೇಲೆ ಕೈ ನಡುಗದಿರಲೆಂದು ಆಕೆಯೇ ಕೇಳಿ ಕುಡಿಯುತ್ತಿದ್ದಳು. ದಾಳಿಯ ದಿನ ಈ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ನಿತ್ಯ ಕುಡಿಯುವವರು ಒಮ್ಮೆಲೇ ನಿಲ್ಲಿಸಿದಾಗ ಆರರಿಂದ ಇಪ್ಪತ್ನಾಲ್ಕು ಗಂಟೆಗಳಲ್ಲಿ ನಡುಕ, ಬೆವರು, ವಾಕರಿಕೆ ತೊಡಗುತ್ತವೆ. ಸೆಳೆತ ಬರುವುದಾದರೆ ಹೆಚ್ಚಾಗಿ ಮೊದಲ 48 ಗಂಟೆಗಳಲ್ಲಿ ಬರುತ್ತದೆ. ದಿಕ್ಕುತಪ್ಪಿದ ಮಾತು, ಇಲ್ಲದ್ದು ಕಾಣುವುದು ಎರಡರಿಂದ ನಾಲ್ಕನೆಯ ದಿನದೊಳಗೆ ಕಾಣಿಸಿಕೊಳ್ಳಬಹುದು. ಎರಡನೆಯ ರಾತ್ರಿ ಆಕೆ ಗೋಡೆಯ ಮೇಲೆ ಹುಳ ಹರಿದಾಡುತ್ತಿವೆ ಎಂದು ಕೂಗಿಕೊಂಡಾಗ ಗೃಹದ ಸಿಬ್ಬಂದಿ ಅದನ್ನು ಬಿಡಿಸಿಕೊಂಡು ಹೋಗಲು ಹೂಡಿದ ನಾಟಕವೆಂದು ತಿಳಿದರು. ಬೆಳಗಿನ ಜಾವ ಸೆಳೆತ ಬಂತು. ಆಸ್ಪತ್ರೆಯಲ್ಲಿ ಡಯಾಜೆಪಾಮ್ ಮತ್ತು ಥಯಮಿನ್ ಕೊಟ್ಟು ಸ್ಥಿತಿಯನ್ನು ಹಿಡಿತಕ್ಕೆ ತಂದರು. ಆದರೆ ಬಿಡುಗಡೆಯ ಚೀಟಿಯಲ್ಲಿ 'ಫಿಟ್ಸ್' ಎಂಬ ಒಂದೇ ಪದ ಬಿದ್ದು, ಜೊತೆಗೆ ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್ ಮಾತ್ರೆ ಶುರುವಾಯಿತು. ಮದ್ಯದ ಉಲ್ಲೇಖ ಚೀಟಿಯಲ್ಲಿ ಇರಲಿಲ್ಲ.

ಕಾಯ್ದೆಯ 15ನೇ ಕಲಮಿನಡಿ ನಡೆಯಬೇಕಾದ ವೈದ್ಯಕೀಯ ಪರೀಕ್ಷೆ ಐದನೆಯ ದಿನ ನಡೆಯಿತು. ಕಲಮು ಈ ಪರೀಕ್ಷೆಗೆ ಮೂರು ಉದ್ದೇಶಗಳನ್ನು ಹೇಳುತ್ತದೆ: ವಯಸ್ಸಿನ ನಿರ್ಧಾರ, ಲೈಂಗಿಕ ದೌರ್ಜನ್ಯದಿಂದಾದ ಗಾಯಗಳ ಪತ್ತೆ, ಲೈಂಗಿಕವಾಗಿ ಹರಡುವ ರೋಗಗಳ ಪತ್ತೆ. ಚಿಕಿತ್ಸೆ ಎಂಬುದು ಆ ಸಾಲಿನಲ್ಲಿ ಇಲ್ಲ. ಕೇಂದ್ರ ಆರೋಗ್ಯ ಸಚಿವಾಲಯವು 2014ರಲ್ಲಿ ಹೊರಡಿಸಿದ ಮಾರ್ಗಸೂಚಿ ಬೇರೆ ದಿಕ್ಕಿನಿಂದ ಹೊರಡುತ್ತದೆ. ಲೈಂಗಿಕ ಹಿಂಸೆಗೆ ಒಳಗಾದವರು ಸಾಕ್ಷ್ಯಕ್ಕಾಗಿ ಮಾಡುವ ಪರೀಕ್ಷೆಯನ್ನು ನಿರಾಕರಿಸಿದರೂ ಆಸ್ಪತ್ರೆ ಅವರಿಗೆ ಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲ, ಎರಡಕ್ಕೂ ಒಪ್ಪಿಗೆಯನ್ನು ಪ್ರತ್ಯೇಕವಾಗಿ ಪಡೆಯಬೇಕು, ಯೋನಿಯೊಳಗೆ ಬೆರಳಿಟ್ಟು ನೋಡುವ ಎರಡು ಬೆರಳಿನ ಪರೀಕ್ಷೆ ಕೂಡದು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಆ ಪರೀಕ್ಷೆ ನಡೆಸುವವರನ್ನು ದುರ್ನಡತೆಯ ತಪ್ಪಿತಸ್ಥರೆಂದು ಪರಿಗಣಿಸಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಅತ್ಯಾಚಾರಕ್ಕೆ ಒಳಗಾದವರಿಗೆ ಸರ್ಕಾರಿಯಾಗಲಿ ಖಾಸಗಿಯಾಗಲಿ ಎಲ್ಲ ಆಸ್ಪತ್ರೆಗಳೂ ಕೂಡಲೇ ಉಚಿತ ಚಿಕಿತ್ಸೆ ನೀಡಬೇಕೆಂಬ ನಿಯಮ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಮಿನಲ್ಲಿದೆ. ಇಷ್ಟಿದ್ದರೂ ಗೃಹದ ನೋಂದಣಿ ಪುಸ್ತಕದಲ್ಲಿ 'ವೈದ್ಯಕೀಯ ತಪಾಸಣೆ ಮುಗಿದಿದೆ' ಎಂದು ಬರೆದ ಮೇಲೆ, ಆಕೆಯ ಆರೋಗ್ಯದ ವಿಷಯವೇ ಮುಗಿದಂತೆ ಎಲ್ಲರೂ ನಡೆದುಕೊಂಡರು.

ಐದನೆಯ ದಿನಕ್ಕೆ ಹೋದದ್ದರಿಂದಾದ ನಷ್ಟ ಸಣ್ಣದಲ್ಲ. ಎಚ್‌ಐವಿ ಸೋಂಕು ತಡೆಯಲು 28 ದಿನ ಕೊಡುವ ಮಾತ್ರೆಗಳನ್ನು ಕೊನೆಯ ಸಂಪರ್ಕದ 72 ಗಂಟೆಯೊಳಗೆ ಆರಂಭಿಸಬೇಕು. ತುರ್ತು ಗರ್ಭನಿರೋಧಕ ಗುಳಿಗೆಯೂ ಬೇಗ ನುಂಗಿದಷ್ಟೇ ಫಲ. ಎರಡು ವರ್ಷಗಳಿಂದ ನಡೆದ ಶೋಷಣೆಯಲ್ಲಿ ಆ 72 ಗಂಟೆಯನ್ನು ಯಾವಾಗಿನಿಂದ ಎಣಿಸುವುದು ಎಂದು ಕೇಳುವವರಿದ್ದಾರೆ. ದಾಳಿಯ ಹಿಂದಿನ ರಾತ್ರಿಯಿಂದ ಎಣಿಸಬೇಕು ಎಂಬುದೇ ಉತ್ತರ. ಗರ್ಭ ನಿಂತಿರಲಿಲ್ಲ, ಎಚ್‌ಐವಿ ಫಲಿತಾಂಶ ನೆಗೆಟಿವ್ ಬಂತು. ಸಿಫಿಲಿಸ್ ಪರೀಕ್ಷೆ ಪಾಸಿಟಿವ್ ಬಂತು. ಒಂಬತ್ತನೆಯ ದಿನ ಮೊದಲ ಪೆನಿಸಿಲಿನ್ ಚುಚ್ಚುಮದ್ದು ಕೊಟ್ಟರು. ವಯಸ್ಕಳಾದ ಆಕೆ ಊರಿಗೆ ಹೋಗುತ್ತೇನೆಂದು ಹೇಳಿದ್ದರಿಂದ ಮ್ಯಾಜಿಸ್ಟ್ರೇಟರು ಗೃಹದಲ್ಲಿ ಹೆಚ್ಚು ದಿನ ಇರಿಸಲಿಲ್ಲ. ಅದು ಸರಿಯಾದ ಆದೇಶವೇ. ವಯಸ್ಕ ಮಹಿಳೆಯರನ್ನು ಇಚ್ಛೆಗೆ ವಿರುದ್ಧವಾಗಿ ಗೃಹಗಳಲ್ಲಿ ಕೂಡಿಹಾಕುವಂತಿಲ್ಲ ಎಂಬ ನಿಲುವನ್ನು ಬಾಂಬೆ ಹೈಕೋರ್ಟ್ 2020ರಲ್ಲಿ ತಳೆದಿತ್ತು. ಹೀಗೆ ಉಳಿದಿರುವವರ ಪ್ರಕರಣಗಳನ್ನು ಮರುಪರಿಶೀಲಿಸಬೇಕೆಂದು ಸುಪ್ರೀಂ ಕೋರ್ಟ್ ಕೂಡ 2022ರಲ್ಲಿ ಹೇಳಿತ್ತು. ಹನ್ನೆರಡನೆಯ ದಿನ ಆಕೆ ಬೆಂಗಾವಲಿನೊಂದಿಗೆ ಕಲಬುರಗಿಯ ರೈಲು ಹತ್ತಿದಳು. ಎರಡನೆಯ ಚುಚ್ಚುಮದ್ದು ಬೀಳಬೇಕಾಗಿದ್ದುದು ಹದಿನಾರನೆಯ ದಿನ.

ಕಲಬುರಗಿಯಲ್ಲಿ

ಆಕೆಯ ಜೊತೆ ಬಂದ ಲಕೋಟೆಯಲ್ಲಿ ಆದೇಶದ ಪ್ರತಿ, ವಯಸ್ಸಿನ ಪ್ರಮಾಣಪತ್ರ, 'ವಿಡಿಆರ್‌ಎಲ್ ರಿಯಾಕ್ಟಿವ್' (ಸಿಫಿಲಿಸ್ ರಕ್ತಪರೀಕ್ಷೆ ಪಾಸಿಟಿವ್) ಎಂದಿದ್ದ ಪ್ರಯೋಗಾಲಯದ ಚೀಟಿ ಮತ್ತು ಫಿಟ್ಸ್ ಮಾತ್ರೆಯ ಪಟ್ಟಿ ಇದ್ದವು. ಚುಚ್ಚುಮದ್ದು ಕೊಟ್ಟ ದಾಖಲೆ ಇರಲಿಲ್ಲ. ಹಳ್ಳಿಗೆ ನೇರವಾಗಿ ಕಳುಹಿಸಲು ಸಾಧ್ಯವಿರಲಿಲ್ಲ, ಏಕೆಂದರೆ ಕರೆದೊಯ್ದ ಮಾವಶಿ ಅದೇ ಓಣಿಯಲ್ಲಿ ನಿಶ್ಚಿಂತೆಯಿಂದ ಇದ್ದಳು. ಮೊದಲು ಹಿಂಸೆಗೊಳಗಾದ ಮಹಿಳೆಯರಿಗೆ ನೆರವಾಗುವ ಸಖಿ ಕೇಂದ್ರದಲ್ಲಿ ಕೆಲವು ದಿನ, ಆಮೇಲೆ ಮಿಷನ್ ಶಕ್ತಿ ಯೋಜನೆಯ ಶಕ್ತಿ ಸದನದಲ್ಲಿ ವಸತಿ ಏರ್ಪಾಡಾಯಿತು. ಹಿಂದಿನ ಉಜ್ವಲಾ ಮತ್ತು ಸ್ವಾಧಾರ ಗೃಹ ಯೋಜನೆಗಳನ್ನು ಒಂದುಗೂಡಿಸಿ ರೂಪಿಸಿದ ವಸತಿ ವ್ಯವಸ್ಥೆಯಿದು.

ಆಪ್ತಸಮಾಲೋಚಕಿ ಮೊದಲ ಭೇಟಿಯಲ್ಲಿ ಆಕೆಯ ಕಥೆ ಕೇಳಲಿಲ್ಲ. ಪೊಲೀಸರಿಗೆ, ವೈದ್ಯರಿಗೆ, ಮ್ಯಾಜಿಸ್ಟ್ರೇಟರಿಗೆ, ಗೃಹದವರಿಗೆ ಎಂದು ಅದನ್ನು ಆಕೆ ಆಗಲೇ ಹೇಳಿ ಸಾಕಾಗಿದ್ದಳು. ಈಗ ಏನು ತೊಂದರೆಯಿದೆ ಎಂದಷ್ಟೇ ಕೇಳಿದಾಗ ಬಂದ ಉತ್ತರ: "ಹಲ್ಲ ಬ್ಯಾನಿ ಮೊದಲ ನೋಡ್ರಿ ಅಕ್ಕೋರೆ, ಉಳದದ್ದು ಆಮ್ಯಾಲ." ಕೆಳದವಡೆಯ ಹಲ್ಲೊಂದು ಹುಳುಕಾಗಿ ಕೀವು ತುಂಬಿತ್ತು, ಮುಂದಿನ ಹಲ್ಲು ಹೊಡೆತಕ್ಕೆ ಅರ್ಧ ಮುರಿದಿತ್ತು. ಎರಡು ತಿಂಗಳಿಂದ ಒಂದೇ ಕಡೆ ಅಗಿದು ಉಣ್ಣುತ್ತಿದ್ದಳು, ನೋವಿಗೆ ಮದ್ಯವೇ ಮದ್ದಾಗಿತ್ತು. ಪುಣೆಯ ಪರೀಕ್ಷಾ ನಮೂನೆಯಲ್ಲಿ ಬಾಯಿಗೆ ಸಂಬಂಧಿಸಿದಂತೆ ಏನೂ ನಮೂದಾಗಿರಲಿಲ್ಲ. ದಂತ ವಿಭಾಗದಲ್ಲಿ ಕೀವಿಗೆ ಔಷಧ ಕೊಟ್ಟು ನಂತರ ಹಲ್ಲು ಕಿತ್ತರು. ಆ ರಾತ್ರಿ ಮೊದಲ ಬಾರಿ ಹೊಟ್ಟೆತುಂಬ ಉಂಡಳೆಂದು ಸದನದ ಅಡುಗೆಯಾಕೆ ಹೇಳಿದಳು. ಮುಂದೆ ಆಕೆ ಯಾವ ಪರೀಕ್ಷೆಗೂ ಬೇಡವೆನ್ನದೆ ಬಂದುದಕ್ಕೆ ಈ ಹಲ್ಲು ಕೀಳಿಸಿದ್ದೇ ಮುಖ್ಯ ಕಾರಣವೆಂದು ನಾನು ಎಣಿಸುತ್ತೇನೆ. ಬಂದವಳು ತಾನಾಗಿ ಹೇಳಿಕೊಂಡ ನೋವಿಗೆ ಮೊದಲು ಉಪಚಾರವಾಗಬೇಕು; ಕಡತಕ್ಕೆ ಬೇಕಾದ ಪರೀಕ್ಷೆಗಳು ಒಂದೆರಡು ದಿನ ಕಾಯಬಲ್ಲವು.

ಕಿಬ್ಬೊಟ್ಟೆಯ ನೋವು, ಬಿಳಿ ಸೆರಗು, ಉರಿಮೂತ್ರದ ಬಗ್ಗೆ ಆಕೆ ಮೂರನೆಯ ಭೇಟಿಯಲ್ಲಿ ಬಾಯಿಬಿಟ್ಟಳು. ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಇಂಥ ಲಕ್ಷಣಗಳಿಗೆ ಬಣ್ಣದ ಗುರುತಿನ ಔಷಧ ಪೊಟ್ಟಣಗಳು ಉಚಿತವಾಗಿ ಸಿಗುತ್ತವೆ. ಕಿಬ್ಬೊಟ್ಟೆ ನೋವಿಗೆ ಹಳದಿ ಪೊಟ್ಟಣ. ಅದರಲ್ಲಿನ ಡಾಕ್ಸಿಸೈಕ್ಲಿನ್ ಮತ್ತು ಮೆಟ್ರೊನಿಡಜೋಲ್ ಮಾತ್ರೆಗಳನ್ನು 14 ದಿನ ಬಿಡದೆ ನುಂಗಬೇಕು. ಗರ್ಭವಿದ್ದರೆ ಡಾಕ್ಸಿಸೈಕ್ಲಿನ್ ಕೊಡುವುದಿಲ್ಲವಾದ್ದರಿಂದ ಗರ್ಭಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿದರು. ಮೆಟ್ರೊನಿಡಜೋಲ್ ನುಂಗುವಾಗ ಕುಡಿಯಬಾರದು, ಕುಡಿದರೆ ವಾಂತಿ, ಎದೆಬಡಿತ ಆಗಬಹುದೆಂದು ವೈದ್ಯೆ ಎಲ್ಲರಿಗೂ ಹೇಳುವಂತೆ ಈಕೆಗೂ ಹೇಳಿದಾಗ, ಮದ್ಯದ ವಿಷಯ ಮೊದಲ ಸಲ ಹೊರಬಂತು. ಅದರಿಂದಲೇ ಫಿಟ್ಸ್‌ನ ನಿಜವಾದ ಕಾರಣವೂ ತಿಳಿಯಿತು. ಮದ್ಯ ನಿಂತಾಗ ಬರುವ ಸೆಳೆತಕ್ಕೆ ಅಪಸ್ಮಾರದ ಮಾತ್ರೆಯನ್ನು ದೀರ್ಘಕಾಲ ನುಂಗಬೇಕಿಲ್ಲ. ಮನೋವೈದ್ಯರು ಫೆನಿಟಾಯಿನ್ ಅನ್ನು ಹಂತಹಂತವಾಗಿ ನಿಲ್ಲಿಸಿದರು.

ಸಿಫಿಲಿಸ್ ಎಷ್ಟು ಕಾಲದಿಂದ ಇದೆಯೆಂದು ತಿಳಿಯದಿದ್ದಾಗ ಅದನ್ನು ಹಳೆಯದೆಂದೇ ಎಣಿಸಿ, 24 ಲಕ್ಷ ಯೂನಿಟ್‌ನ ಬೆಂಜಾಥಿನ್ ಪೆನಿಸಿಲಿನ್ ಅನ್ನು ವಾರಕ್ಕೊಂದರಂತೆ ಮೂರು ಸಲ ಕೊಡುತ್ತಾರೆ. ನಡುವಿನ ಅಂತರ ಬಹಳ ಹೆಚ್ಚಾದರೆ ಮೊದಲಿನಿಂದ ಆರಂಭಿಸಬೇಕು. ಪುಣೆಯ ಚುಚ್ಚುಮದ್ದಿನ ದಾಖಲೆ ಫೋನಿನ ಮೇಲೆ ಫೋನು ಮಾಡಿ ಸಿಗುವ ಹೊತ್ತಿಗೆ ಮೂರು ವಾರ ಕಳೆದಿತ್ತು. ಮತ್ತೆ ಒಂದರಿಂದ ಶುರು. ಆ ಚುಚ್ಚುಮದ್ದಿನ ನೋವು ತಿಂದವರಿಗಷ್ಟೇ ಗೊತ್ತು. ಬೇಡದ ಒಂದನ್ನು ಆಕೆ ಹೆಚ್ಚಾಗಿ ಸಹಿಸಬೇಕಾಯಿತು. ಹಿಮೋಗ್ಲೋಬಿನ್ 8.2ಕ್ಕೆ ಇಳಿದಿತ್ತು, ಜಂತುಹುಳುವಿನ ಮಾತ್ರೆ, ಕಬ್ಬಿಣಾಂಶದ ಮಾತ್ರೆ ಆರಂಭಿಸಿದರು. ಹೆಪಟೈಟಿಸ್ ಬಿ ಸೋಂಕು ಇರಲಿಲ್ಲ. ಲಸಿಕೆಯ ಮೊದಲ ಡೋಸ್ ಕೊಟ್ಟು, ಒಂದು ಮತ್ತು ಆರನೆಯ ತಿಂಗಳ ದಿನಾಂಕಗಳನ್ನು ಬರೆದರು.

ಈ ಹಂತದಲ್ಲಿ ಆಪ್ತಸಮಾಲೋಚಕಿ ಮಾಡಿದ ಒಂದು ಸಾಮಾನ್ಯ ಕೆಲಸ ಉಳಿದೆಲ್ಲಕ್ಕಿಂತ ಹೆಚ್ಚು ಪ್ರಯೋಜನಕ್ಕೆ ಬಂತು. ನೂರು ಪುಟದ ಚಿಕ್ಕ ನೋಟ್‌ಬುಕ್ ಒಂದನ್ನು ಯುವತಿಗೇ ಕೊಟ್ಟು, ಪ್ರತಿ ಔಷಧ, ಪ್ರತಿ ಮುಂದಿನ ದಿನಾಂಕವನ್ನು ಅದರಲ್ಲಿ ವೈದ್ಯರಿಂದಲೇ ಬರೆಸಿದಳು. ಹೊರಗಟ್ಟಿನ ಮೇಲೆ ಹೆಸರಿಲ್ಲ, ರೋಗದ ಹೆಸರೂ ಇಲ್ಲ. ಕಡತ ಕಚೇರಿಯಿಂದ ಕಚೇರಿಗೆ ಹೋಗುತ್ತಿದ್ದಾಗ ನೋಟ್‌ಬುಕ್ ಮಾತ್ರ ಆಕೆಯ ಚೀಲದಲ್ಲೇ ಇತ್ತು.

ನಿದ್ದೆ ಮತ್ತು ಚಿಲಕ

ಸದನದಲ್ಲಿ ಬೆಳಗ್ಗೆ ಐದಕ್ಕೆ ಏಳಬೇಕು, ರಾತ್ರಿ ಒಂಬತ್ತಕ್ಕೆ ದೀಪ ಆರಬೇಕು. ಎರಡು ವರ್ಷ ರಾತ್ರಿ ಎಚ್ಚರವಿದ್ದು ಹಗಲು ಮಲಗಿದ್ದವಳಿಗೆ ಈ ಶಿಸ್ತು ಒಗ್ಗಲಿಲ್ಲ. 'ಸೋಮಾರಿ' ಎಂಬ ಮಾತು ಬಂತು. ರಾತ್ರಿ ಹೊರಗಿನಿಂದ ಚಿಲಕ ಹಾಕುವ ಸದ್ದಿಗೆ ಆಕೆ ಬೆಚ್ಚಿ ಎದ್ದು ಕೂರುತ್ತಿದ್ದಳು, ಮೈ ಬೆವರುತ್ತಿತ್ತು. ಅಡ್ಡೆಯಲ್ಲಿ ಆ ಸದ್ದಿಗೆ ಇದ್ದ ಅರ್ಥ ಏನೆಂದು ಕೇಳಿ ತಿಳಿಯಬೇಕಾಗಿಲ್ಲ. ಕೆಟ್ಟ ಕನಸು, ಗಂಡಸರ ಬೆವರಿನ ವಾಸನೆಗೆ ವಾಕರಿಕೆ, ಯಾವುದೂ ತನಗೆ ಆಗುತ್ತಿಲ್ಲವೆಂಬಂಥ ಮರಗಟ್ಟಿದ ಭಾವ ಇವೆಲ್ಲ ಸೇರಿ ತಿಂಗಳ ಮೇಲೂ ಉಳಿದಾಗ ಮನೋವೈದ್ಯರು ಆಘಾತೋತ್ತರ ಒತ್ತಡದ ಕಾಯಿಲೆ ಎಂದು ಗುರುತಿಸಿ ಸೆರ್ಟ್ರಲಿನ್ ಆರಂಭಿಸಿದರು. ಔಷಧದಷ್ಟೇ ಫಲ ಕೊಟ್ಟದ್ದು ಚಿಲಕದ ಬದಲಾವಣೆ: ಕೋಣೆಗೆ ಒಳಗಿನಿಂದ ಅಗಳಿ ಹಾಕಿಸಿ, ಕಾವಲನ್ನು ಹೊರಗಿನ ಗೇಟಿಗೆ ಸೀಮಿತಗೊಳಿಸಿದರು.

ಸಿಬ್ಬಂದಿಯನ್ನು ಹೆಚ್ಚು ಕಂಗೆಡಿಸಿದ್ದು ಬೇರೆ ಸಂಗತಿ. ಅಡ್ಡೆಯ ಒಡತಿಗೆ ಫೋನು ಮಾಡಿಕೊಡಿರೆಂದು ಆಕೆ ಅತ್ತು ಕೇಳುತ್ತಿದ್ದಳು. ಆ ಹೆಂಗಸನ್ನು 'ಅಕ್ಕ' ಎನ್ನುತ್ತಿದ್ದಳು. ಜ್ವರ ಬಂದಾಗ ಗಂಜಿ ಕೊಟ್ಟವಳೂ ಹೊಡೆಸಿದವಳೂ ಆಕೆಯೇ. ಇಂಥ ಮಮತೆ ಬೆದರಿಕೆಯ ನಡುವೆ ಬದುಕಿ ಉಳಿಯಲು ಮನಸ್ಸು ಕಂಡುಕೊಂಡ ದಾರಿ. ಅದನ್ನು ಕಂಡು 'ಇವಳಿಗೆ ಅದೇ ಬೇಕು' ಎಂದು ತೀರ್ಮಾನಿಸುವವರು ಈ ಕೆಲಸದಲ್ಲಿ ಇರಬಾರದು. ಇನ್ನೂ ತೀರದ 'ಸಾಲ'ವೊಂದಿದೆ, ಅದಕ್ಕಾಗಿ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ ಎಂಬ ಹೆದರಿಕೆ ಆ ಅಳುವಿನ ಹಿಂದಿತ್ತು. ಹಾಗೆ ಹೊರಿಸಿದ ಸಾಲಕ್ಕೆ ಕಾನೂನಿನ ಮಾನ್ಯತೆ ಇಲ್ಲವೆಂದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲೆ ತಾವೇ ಬಂದು ಹೇಳಿದ ಮೇಲೆ ಫೋನಿನ ಬೇಡಿಕೆ ನಿಧಾನವಾಗಿ ತಗ್ಗಿತು.

ತಾಯಿಗೆ ಇದೆಲ್ಲ ಗಾಳಿ ಸೋಕಿದಂತೆ ಕಂಡಿತು. "ಗಾಣಗಾಪುರಕ್ಕ ಹುಣ್ಣಿವಿಗಿ ಒಮ್ಮಿ ಕರಕೊಂಡ್ ಹೋಗ್ತೀನ್ರಿ" ಎಂದಾಗ ಆಪ್ತಸಮಾಲೋಚಕಿ ಬೇಡವೆನ್ನಲಿಲ್ಲ. ಮಗಳು ತಾನಾಗಿ ಒಪ್ಪಿದರೆ ಹೋಗಬಹುದು, ಮಾತ್ರೆ ತಪ್ಪಿಸಬಾರದು, ಕಟ್ಟುವುದು ಹೊಡೆಯುವುದು ಕೂಡದು ಎಂಬ ಮೂರು ಮಾತುಗಳಿಗೆ ಒಪ್ಪಿಸಿದಳು. ತಾಯಿ ಮಗಳು ಸಂಗಮದಲ್ಲಿ ಮಿಂದು, ದತ್ತನ ಪಾದುಕೆಗೆ ಕೈಮುಗಿದು ಸಂಜೆಗೆ ಮರಳಿದರು. ಎರಡು ವರ್ಷಗಳ ಬಳಿಕ ಅವರಿಬ್ಬರೇ ಕಳೆದ ಮೊದಲ ದಿನ ಅದಾಗಿತ್ತು.

ಅಣ್ಣ ಕೇಳಿದ ಕಾಗದ

ಮೂರನೆಯ ತಿಂಗಳ ಎಚ್‌ಐವಿ ಮರುಪರೀಕ್ಷೆಯೂ ನೆಗೆಟಿವ್ ಬಂತು. ಅಷ್ಟರಲ್ಲಿ ಊರಿನಲ್ಲಿ ಸುದ್ದಿ ಹಬ್ಬಿತ್ತು. ಅಣ್ಣ ಬಂದು ಕೇಳಿದ: "ಅಕಿಗಿ ಆ ರೋಗ ಇಲ್ಲಂತ ಒಂದ್ ಕಾಗದದಾಗ ಬರದು ಕೊಡ್ರಿ, ಓಣ್ಯಾಗ ತೋರಸ್ತೀನಿ." ಅವನ ದನಿಯಲ್ಲಿ ತಂಗಿಯನ್ನು ಮನೆಗೆ ಕರೆದುಕೊಳ್ಳುವ ಆಸೆಯೇ ಇತ್ತು. ಸದನದವರಿಗೂ ಕೊಡುವುದರಲ್ಲಿ ತಪ್ಪೇನಿಲ್ಲ ಎನಿಸಿತು, ಹೇಗೂ ಫಲಿತಾಂಶ ಒಳ್ಳೆಯದೇ ಇತ್ತಲ್ಲ.

ಆಪ್ತಸಮಾಲೋಚಕಿ ಒಪ್ಪಲಿಲ್ಲ. ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ, 2017ರ ಪ್ರಕಾರ ಒಬ್ಬರ ಎಚ್‌ಐವಿ ಸ್ಥಿತಿಯನ್ನು ಅವರ ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಹೊರಗೆಡಹುವಂತಿಲ್ಲ. ಯುವತಿ ಒಪ್ಪಿಗೆ ಕೊಟ್ಟರೂ ಕೊಡಬಾರದೆಂಬುದು ಆಪ್ತಸಮಾಲೋಚಕಿಯ ವಾದ: ಇಂದು ಒಬ್ಬಳಿಗೆ 'ಇಲ್ಲ' ಎಂಬ ಕಾಗದ ಕೊಟ್ಟರೆ, ನಾಳೆ ಕಾಗದ ತಾರದ ಪ್ರತಿಯೊಬ್ಬಳನ್ನೂ ಊರು 'ಇದೆ' ಎಂದೇ ಓದುತ್ತದೆ. ಈ ವಾದವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ, ಆದರೂ ಅದರ ಬೆಲೆಯನ್ನು ತೆತ್ತವಳು ಯುವತಿ ಎಂಬುದನ್ನು ಮುಚ್ಚಿಡಲಾಗದು. ಅಣ್ಣ ಸಿಟ್ಟಾಗಿ ಎರಡು ತಿಂಗಳು ಬರಲಿಲ್ಲ. ಕೊನೆಗೆ ಅವನನ್ನು ಆಸ್ಪತ್ರೆಯ ಐಸಿಟಿಸಿ (ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ) ಕೇಂದ್ರಕ್ಕೆ ಕರೆಸಿ, ಸೋಂಕು ಹೇಗೆ ಹರಡುತ್ತದೆ, ಹೇಗೆ ಹರಡುವುದಿಲ್ಲ ಎಂಬುದನ್ನು ತಂಗಿಯ ಹೆಸರೆತ್ತದೆ ವಿವರಿಸಿದರು. ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ ಬರುವುದಿಲ್ಲವೆಂದು ಅವನಿಗೆ ಅಂದೇ ತಿಳಿದದ್ದು.

ಮನೆ, ಮಗು, ದುಡಿಮೆ

ಐದು ವರ್ಷದ ಮಗು ಅಜ್ಜಿಯನ್ನು 'ಅವ್ವ' ಎಂದು ಕರೆಯುತ್ತಿತ್ತು, ತಾಯಿಯನ್ನು ಗುರುತಿಸಲಿಲ್ಲ. ಇದಕ್ಕೆ ಯಾವ ಯೋಜನೆಯೂ ಇಲ್ಲ. ವಾರಕ್ಕೊಮ್ಮೆ ಅಜ್ಜಿ ಮಗುವನ್ನು ಕರೆತರುವಂತೆ ಮಾಡಿದ್ದಷ್ಟೇ ಆದದ್ದು.

ದಾಖಲೆಗಳ ಕೊರತೆ ಆರೋಗ್ಯವನ್ನೇ ನೇರವಾಗಿ ತಟ್ಟಿತು. 2023ರ ಜೂನ್‌ನಿಂದ ರಾಜ್ಯದ ಮಹಿಳೆಯರಿಗೆ ಸಾರಿಗೆ ಬಸ್ಸಿನಲ್ಲಿ ಉಚಿತ ಪ್ರಯಾಣವಿದೆ, ಆದರೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಬೇಕು. ಆಕೆಯ ಆಧಾರ್ ಅಡ್ಡೆಯವರ ಬಳಿ ಉಳಿದಿತ್ತು. ಆಸ್ಪತ್ರೆಗೆ ಹೋಗಿಬರಲು ಪ್ರತಿ ಸಲ ಸದನದವರಿಂದ ದುಡ್ಡು ಕೇಳಬೇಕಾಗಿ ಬಂದು ಎರಡು ತಪಾಸಣೆಗಳು ತಪ್ಪಿದವು. ಬೆರಳಚ್ಚು ಕೊಟ್ಟು ಆಧಾರ್ ಮತ್ತೆ ತೆಗೆಸಿದ ಮೇಲೆ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನಲ್ಲಿ ಆಕೆ ಒಬ್ಬಳೇ ಓಡಾಡತೊಡಗಿದಳು. ಮಾತ್ರೆಗಳನ್ನು ಮುಂದೆ ಆಳಂದದ ತಾಲ್ಲೂಕು ಆಸ್ಪತ್ರೆಯಲ್ಲೇ, ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವ ದಿನ ಪಡೆಯಬಹುದೆಂದು ಗೊತ್ತುಮಾಡಿದರು. ರಾತ್ರಿ ಎದೆ ಹಿಡಿದಂತಾದಾಗ ಕನ್ನಡದಲ್ಲೇ ಮಾತಾಡಬಹುದಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ನೋಟ್‌ಬುಕ್‌ನ ಮೊದಲ ಪುಟದಲ್ಲಿತ್ತು.

ಸದನದಲ್ಲಿ ಹೊಲಿಗೆ ತರಬೇತಿ ಇತ್ತು. ಸಂಕಷ್ಟದಿಂದ ಹೊರಬಂದ ಹೆಣ್ಣಿಗೆಲ್ಲ ಹೊಲಿಗೆಯಂತ್ರವೇ ಏಕೆ ಎಂಬ ಪ್ರಶ್ನೆಗೆ ನನಗೆ ಈವರೆಗೆ ತೃಪ್ತಿಕರ ಉತ್ತರ ಸಿಕ್ಕಿಲ್ಲ. ಈಕೆಗೆ ಸೂಜಿಗೆ ದಾರ ಪೋಣಿಸುವಷ್ಟು ಹೊತ್ತೂ ಒಂದೆಡೆ ಕೂರಲಾಗುತ್ತಿರಲಿಲ್ಲ. ಗಮನ ನಿಲ್ಲದಿರುವುದೂ ಆಘಾತದ ಲಕ್ಷಣವೇ. ಖಡಕ್ ರೊಟ್ಟಿ ಬಡಿಯುವುದು ತನಗೆ ಚೆನ್ನಾಗಿ ಬರುತ್ತದೆಂದು ಆಕೆಯೇ ಹೇಳಿದಳು. ನಗರದ ಸ್ವಸಹಾಯ ಗುಂಪೊಂದರ ರೊಟ್ಟಿ ಕೇಂದ್ರದಲ್ಲಿ ಕೆಲಸ ಸಿಕ್ಕಿತು. ಎಲ್ಲರೂ ಹೆಂಗಸರು, ಹಿಂದಿನದನ್ನು ಕೇಳುವವರಿಲ್ಲ, ದಿನದ ಕೂಲಿ ದಿನವೇ ಕೈಗೆ.

ಕಡತದಲ್ಲಿ ತೆರೆದಿರುವ ವಿಷಯಗಳು

ಮಾವಶಿಯ ಮೇಲೆ ಭಾರತೀಯ ನ್ಯಾಯ ಸಂಹಿತೆಯ 143ನೇ (ಮಾನವ ಕಳ್ಳಸಾಗಣೆ) ಕಲಮಿನಡಿ ಕ್ರಮ ಕೈಗೊಳ್ಳುವಂತೆ ಪುಣೆಯ ತನಿಖಾಧಿಕಾರಿಗೆ ಬರೆದ ಪತ್ರಕ್ಕೆ ಉತ್ತರ ಬಂದಿಲ್ಲ. ಮಾವಶಿ ಓಣಿಯಲ್ಲಿ ಇರುವವರೆಗೆ ಯುವತಿ ಹಳ್ಳಿಯಲ್ಲಿ ರಾತ್ರಿ ತಂಗುವುದಿಲ್ಲವೆಂದು ಸುರಕ್ಷತಾ ಯೋಜನೆಯಲ್ಲಿ ಬರೆದಿದೆ. ಪರಿಹಾರದ ಅರ್ಜಿಯನ್ನು, ಶೋಷಣೆ ನಡೆದದ್ದು ಮಹಾರಾಷ್ಟ್ರದಲ್ಲಾದ್ದರಿಂದ, ಕಲಬುರಗಿಯ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಅಲ್ಲಿಗೆ ಕಳುಹಿಸಲಾಗಿದೆ; ಮಧ್ಯಂತರ ಪರಿಹಾರವನ್ನೂ ಕೋರಲಾಗಿದೆ. ಮುರಿದ ಮುಂದಿನ ಹಲ್ಲಿಗೆ ಕಟ್ಟಬೇಕಾದ ಕೃತಕ ಹಲ್ಲಿನ ಖರ್ಚಿಗೆ ಯಾವ ಶೀರ್ಷಿಕೆಯಡಿ ಹಣ ತೆಗೆಯುವುದೆಂಬುದು ತೀರ್ಮಾನವಾಗಿಲ್ಲ. ಸಿಫಿಲಿಸ್ ಚಿಕಿತ್ಸೆ ಫಲಿಸಿದೆಯೇ ಎಂದು ತಿಳಿಯುವ ರಕ್ತಪರೀಕ್ಷೆ ಮತ್ತು ಹೆಪಟೈಟಿಸ್ ಬಿ ಲಸಿಕೆಯ ಮೂರನೆಯ ಡೋಸ್ ಎರಡೂ ಒಂದೇ ವಾರದಲ್ಲಿ ಬೀಳುತ್ತವೆ. ಅದೇ ವಾರ ಪುಣೆಯ ನ್ಯಾಯಾಲಯ ಸಾಕ್ಷಿ ನುಡಿಯಲು ಕರೆದಿದೆ. ಕಲಬುರಗಿಯಿಂದಲೇ ವಿಡಿಯೊ ಮೂಲಕ ಹೇಳಿಕೆ ಕೊಡಲು ಅವಕಾಶ ಕೋರಿ ವಕೀಲೆ ಅರ್ಜಿ ಹಾಕಿದ್ದಾರೆ. ಆದೇಶ ಬರುವ ಮೊದಲೇ ಲಸಿಕೆ ಮತ್ತು ರಕ್ತಪರೀಕ್ಷೆಗೆ ಸೋಮವಾರದ ದಿನ ಗೊತ್ತುಮಾಡಿ ನೋಟ್‌ಬುಕ್‌ನಲ್ಲಿ ಬರೆಸಲಾಗಿದೆ, ಹೊರಡಲೇಬೇಕಾಗಿ ಬಂದರೆ ರೈಲು ಮಂಗಳವಾರ ರಾತ್ರಿಯದು.